ಬ್ಯಾಕಪ್, ವೇಬ್ರಿಡ್ಜ್ ಅಕೌಂಟಿಗೂ ಯೂಸರ್ ಲೈಸೆನ್ಸ್ ಬೇಕಾ?

ಗೇರುಬೀಜ_ಐಟಿ, ಬೈಕಂಪಾಡಿ:
ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ. ಲಾಗಿನ್ ಆದ ಕೂಡಲೇ "ಯೂಸರ್ ಜಾಸ್ತಿ" ಅಂತ ಮೆಸೇಜ್ ಬರುತ್ತಿದೆ, ಕೆಳಗೆ ದಿನ ಎಣಿಸುತ್ತಿದೆ. ನಮ್ಮಲ್ಲಿ 25 ಲೈಸೆನ್ಸ್ ಉಂಟು. ಕೆಲಸ ಮಾಡುವವರು 23 ಜನ. ಉಳಿದದ್ದು ತಾನಾಗಿ ಓಡುವ ಅಕೌಂಟ್‌ಗಳು. ಬ್ಯಾಕಪ್, ವೇಬ್ರಿಡ್ಜ್ (ಲಾರಿ ತೂಗುವ ಕಾಟಾ), ಸ್ಕ್ಯಾನ್ ಆದ ಬಿಲ್ ಬರುವ ಮೇಲ್, ಅಂಥವು. ಅದರಲ್ಲಿ ಯಾರೂ ಲಾಗಿನ್ ಆಗುವುದೇ ಇಲ್ಲ. ಲೈಸೆನ್ಸ್ ಮಾರಿದವರನ್ನು ಕೇಳಿದರೆ "ಅಕೌಂಟ್ ಅಂದ್ರೆ ಅಕೌಂಟ್, ಇನ್ನೂ ಐದು ತಗೊಳ್ಳಿ" ಅಂತಾರೆ. ಇದು ಸರಿಯಾ? ಬೇಗ ಹೇಳಿ. ಪಣಂಬೂರು ಬಂದರಿನಿಂದ ಬೀಜದ ಲಾರಿ ಸಾಲಾಗಿ ಬರುವ ಹೊತ್ತು ಇದು.

ಸರ್ವರ್_ಉಡುಪಿ:
ಕ್ಯಾಲ್ ಅಂದರೆ ವಿಂಡೋಸ್ ಸರ್ವರ್ ಬಳಸುವ ಲೈಸೆನ್ಸ್, ಅದು ಅಕೌಂಟಿನ ಲೆಕ್ಕ ಅಲ್ಲ ಸರ್. ಸರ್ವರ್ ಬಳಸುವ ಮನುಷ್ಯನ ಲೆಕ್ಕ, ಇಲ್ಲವೇ ಡಿವೈಸಿನ ಲೆಕ್ಕ. ಎಡಿಯಲ್ಲಿ (ಆ್ಯಕ್ಟಿವ್ ಡೈರೆಕ್ಟರಿ, ವಿಂಡೋಸಿನ ಅಕೌಂಟ್ ಪಟ್ಟಿ) ತಾನಾಗಿ ಓಡುವ ಕೆಲಸಕ್ಕೆ ಅಂತ ಇನ್ನೂರು ಸರ್ವಿಸ್ ಅಕೌಂಟ್ ಇದ್ದರೂ ಅದಕ್ಕಾಗಿ ಕ್ಯಾಲ್ ಬೇಡ. ಆದರೆ ಒಂದೇ ಅಕೌಂಟಿನ ಹಿಂದೆ ಹತ್ತು ಜನ ಸರ್ವರ್ ಬಳಸಿದರೆ ಹತ್ತು ಕ್ಯಾಲ್ ಬೇಕು. ಇದನ್ನು ಮಲ್ಟಿಪ್ಲೆಕ್ಸಿಂಗ್ ಅಂತಾರೆ. ನಿಮ್ಮದು ಮೂರು ಶಿಫ್ಟ್ ಇರಬೇಕು. ಯೂಸರ್ ಕ್ಯಾಲ್ ಬಿಟ್ಟು ಡಿವೈಸ್ ಕ್ಯಾಲಿಗೆ ಹೋಗಿ, ಒಂದೇ ಕಂಪ್ಯೂಟರನ್ನು ಮೂವರು ಬಳಸಿದರೂ ಒಂದೇ ಸಾಕು, ಉಳಿತಾಯ ಆಗುತ್ತದೆ.

ಗೇರುಬೀಜ_ಐಟಿ:
ವಿಂಡೋಸ್ ಸರಿ ಉಂಟು ಮಾರಾಯ್ರೇ. ಮೆಸೇಜ್ ಬರುವುದು ಇಆರ್‌ಪಿಯಲ್ಲಿ, ಸ್ಟಾಕ್, ಬಿಲ್ ಎಲ್ಲ ನೋಡುವ ಸಾಫ್ಟ್‌ವೇರಿನಲ್ಲಿ.

ಸರ್ವರ್_ಉಡುಪಿ:
ಇಆರ್‌ಪಿ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಓಡುತ್ತಿರಬಹುದು. ರಿಮೋಟ್ ಡೆಸ್ಕ್‌ಟಾಪಿನ ಆರ್‌ಡಿಎಸ್ ಕ್ಯಾಲ್ ಬೇರೆ, ಸರ್ವರ್ ಕ್ಯಾಲ್ ಬೇರೆ. ಲೈಸೆನ್ಸ್ ಇಲ್ಲದೆ ಓಡಲು ಕೊಡುವ 120 ದಿನದ ಗ್ರೇಸ್ ಮುಗಿದಿರಬೇಕು, ಅದಕ್ಕೇ ದಿನ ಎಣಿಸುವುದು. ಲೈಸೆನ್ಸಿಂಗ್ ಮ್ಯಾನೇಜರ್ ತೆಗೆದು ನೋಡಿ.

ಕುಡ್ಲ_ನೆಟ್:
ಇಲ್ಲ ಸರ್, ಗ್ರೇಸ್ ಮುಗಿದರೆ ಹೊಸ ಸೆಷನ್ನೇ ತೆರೆಯುವುದಿಲ್ಲ. ಇವರು ಲಾಗಿನ್ ಆಗುತ್ತಿದ್ದಾರಲ್ಲ. ಇನ್ನು ಮಾಮೂಲಿ ಸರ್ವರ್ ಕ್ಯಾಲ್ ಕಮ್ಮಿ ಬಿದ್ದರೆ ವಿಂಡೋಸ್ ಯಾರನ್ನೂ ತಡೆಯುವುದಿಲ್ಲ. ಅದು ಕಾಗದದ ಹಕ್ಕು, ಆಡಿಟ್ ಬಂದಾಗ ತೋರಿಸಬೇಕು ಅಷ್ಟೆ. ಕ್ಯಾಲ್ ಬಿಡಿ.

ಸರ್ವರ್_ಉಡುಪಿ:
ಬಿಡುವುದು ಹೇಗೆ? ಆರ್‌ಡಿಎಸ್ ಪರ್ ಯೂಸರ್ ಮೋಡ್‌ನಲ್ಲಿ...

ಮಣಿಪಾಲ್_ಡೆವ್:
ಮೊದಲು ಸಾಫ್ಟ್‌ವೇರಿನ ಹೆಸರು ಹೇಳಿ. ಎಲ್ಲದಕ್ಕೂ ಒಂದೇ ಉತ್ತರ ಇಲ್ಲ. ಕೋಡ್ ಇಡುವ ಗಿಟ್‌ಹಬ್‌ನಲ್ಲಿ ಬಾಟ್‌ಗೆ (ತಾನಾಗಿ ಓಡುವ ಪ್ರೋಗ್ರಾಮಿಗೆ) ಅಂತ ಮಾಮೂಲಿ ಅಕೌಂಟ್ ಮಾಡಿ ಆರ್ಗನೈಸೇಶನ್‌ಗೆ ಸೇರಿಸಿದರೆ ಒಂದು ಸೀಟ್ (ಒಬ್ಬರ ಲೈಸೆನ್ಸ್) ಹೋಯಿತು. ಅದೇ ಕೆಲಸವನ್ನು ಗಿಟ್‌ಹಬ್ ಆ್ಯಪ್ ಮಾಡಿದರೆ ಸೀಟ್ ಬೇಡ. ಅಂಥದ್ದೇ ಗಿಟ್‌ಲ್ಯಾಬ್‌ನಲ್ಲಿ ಸರ್ವಿಸ್ ಅಕೌಂಟ್ ಎಣಿಕೆಗೇ ಬರುವುದಿಲ್ಲ. ಮೈಕ್ರೋಸಾಫ್ಟ್ 365ರ ಶೇರ್ಡ್ ಮೇಲ್‌ಬಾಕ್ಸಿಗೆ 50 ಜಿಬಿವರೆಗೆ ಲೈಸೆನ್ಸ್ ಬೇಡ. ಒಪ್ಪಂದದಲ್ಲಿ "ಯೂಸರ್" ಅಂದರೆ ಯಾರು ಅಂತ ಬರೆದಿದ್ದಾರೋ ಅದೇ ಲೆಕ್ಕ. ಅಕೌಂಟ್ ಮನುಷ್ಯನದ್ದೋ ಮೆಷಿನ್‌ದೋ ಅನ್ನುವುದು ಆಮೇಲಿನ ಮಾತು.

ಗೇರುಬೀಜ_ಐಟಿ:
ಇಆರ್‌ಪಿ ಓಡೂ, ದುಡ್ಡು ಕೊಟ್ಟು ತಗೊಳ್ಳುವ ಎಂಟರ್‌ಪ್ರೈಸ್ ಎಡಿಷನ್, ನಮ್ಮದೇ ಸರ್ವರಿನಲ್ಲಿ. ಹೇಳಿದ್ದೆ ಅಂದುಕೊಂಡಿದ್ದೆ.

ಹೋಮ್‌ಲ್ಯಾಬ್_ಕಾಪು:
ಓಡೂವಿನ ಉಚಿತ ಎಡಿಷನ್ ಕಮ್ಯುನಿಟಿ ಹಾಕಿ, ಯೂಸರ್ ಎಣಿಕೆಯೇ ಇಲ್ಲ. ನಾನು ಮನೆಯಲ್ಲಿ ಮೂರು ಹಳೇ ಡೆಸ್ಕ್‌ಟಾಪಿನಲ್ಲಿ ಪ್ರಾಕ್ಸ್‌ಮಾಕ್ಸ್ ಕ್ಲಸ್ಟರ್ ಮಾಡಿದ್ದೇನೆ. ಮೇ ತಿಂಗಳ ಗುಡುಗಿಗೆ ಅಂತ ಅರ್ಥಿಂಗ್ ಹೊಸತಾಗಿ ಮಾಡಿಸಿದೆ. ಕರೆಂಟ್ ಹೋದರೆ ಇನ್ವರ್ಟರಿನಲ್ಲಿ ನಾಲ್ಕು ಗಂಟೆ ನಿಲ್ಲುತ್ತದೆ. ಬೇಕಾದರೆ ಫೋಟೋ ಹಾಕುತ್ತೇನೆ.

ಕುಡ್ಲ_ನೆಟ್:
ಫೋಟೋ ಬೇರೆ ಥ್ರೆಡ್‌ನಲ್ಲಿ ಹಾಕಿ ಅಣ್ಣ. ಓಡುತ್ತಿರುವ ಫ್ಯಾಕ್ಟರಿಯಲ್ಲಿ ಈಗ ಎಡಿಷನ್ ಬದಲಿಸುವುದು ಸುಲಭ ಅಲ್ಲ.

ಮಣಿಪಾಲ್_ಡೆವ್:
ಓಡೂ ಆದರೆ ವಿಷಯ ಸ್ಪಷ್ಟ. ಡೇಟಾ ಸೇರಿಸುವ, ತಿದ್ದುವ ಹಕ್ಕಿರುವ ಆ್ಯಕ್ಟಿವ್ ಅಕೌಂಟ್ ಎಲ್ಲವೂ ಯೂಸರ್. ಆರ್ಕೈವ್ ಮಾಡಿದ್ದು (ನಿಲ್ಲಿಸಿ ಇಟ್ಟದ್ದು) ಲೆಕ್ಕಕ್ಕಿಲ್ಲ. ಪೋರ್ಟಲ್ (ಹೊರಗಿನವರಿಗೆ ಅಂತ ಇರುವ ಪುಟ) ಮೂಲಕ ಸೀಮಿತವಾಗಿ ಮಾತ್ರ ಒಳಗೆ ಬರುವ ಹೊರಗಿನ ಜನ, ಹೊರಗಿನ ಸಿಸ್ಟಮ್ ಎರಡೂ ಲೆಕ್ಕಕ್ಕಿಲ್ಲ. ಹಾಗಾಗಿ ನಿಮ್ಮ ವೇಬ್ರಿಡ್ಜ್ ಇಂಟರ್ನಲ್ ಯೂಸರ್ (ಪೋರ್ಟಲ್ ಅಲ್ಲದ, ಒಳಗಿನ ಯೂಸರ್) ಆಗಿದ್ದರೆ ಅದಕ್ಕೂ ಲೈಸೆನ್ಸ್ ಬೇಕು. ಮಾರಿದವರು ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಐದು ತಗೊಳ್ಳಿ ಅಂದದ್ದು ಮಾತ್ರ ಸರಿಯಲ್ಲ. ಆ ಅಕೌಂಟ್‌ಗಳು ಬೇಕಾ ಅಂತ ಅವರು ಮೊದಲು ಕೇಳಬೇಕಿತ್ತು.

ಗೇರುಬೀಜ_ಐಟಿ:
ಹಾಗಾದರೆ ವೇಬ್ರಿಡ್ಜನ್ನು ಪೋರ್ಟಲ್ ಮಾಡಿದರೆ ಆಯಿತಲ್ಲ?

ಮಣಿಪಾಲ್_ಡೆವ್:
ಆಗುವುದಿಲ್ಲ. ಲಾರಿಯ ತೂಕವನ್ನು ಸ್ಟಾಕ್ ರಿಸೀಟಿಗೆ ಬರೆಯಲು ಪೋರ್ಟಲಿಗೆ ಹಕ್ಕಿಲ್ಲ. ಕೋಡ್ ಬರೆದು ಆ ಹಕ್ಕು ಕೊಟ್ಟರೆ ಅದು ಸೀಮಿತ ಅಂತ ಹೇಳಲು ಬರುವುದಿಲ್ಲ. ಒಂದು ಲೈಸೆನ್ಸ್ ಉಳಿಸಲು ಹೋಗಿ ಒಪ್ಪಂದ ಮುರಿಯಬೇಡಿ. ಅಂಥ ಅಕೌಂಟ್ ಒಟ್ಟು ಎಷ್ಟು, ಯಾವುದು ಎಂತ ಮಾಡುತ್ತದೆ, ಸರಿಯಾಗಿ ಬರೆಯಿರಿ.

ಗೇರುಬೀಜ_ಐಟಿ:
ಐದು. ಬ್ಯಾಕಪ್. ವೇಬ್ರಿಡ್ಜ್. ಬಿಲ್ ಮೇಲ್. ರಾತ್ರಿ ಸ್ಟಾಕ್ ರಿಪೋರ್ಟ್ ಎಳೆಯುವ ಸ್ಕ್ರಿಪ್ಟ್. ಇನ್ನೊಂದು, ಮೊದಲು ಸೆಟಪ್ ಮಾಡಿಕೊಟ್ಟ ಕನ್ಸಲ್ಟೆಂಟ್ ಅವರದ್ದು. ಅವರು ಬಿಟ್ಟು ಹೋಗಿ ವರ್ಷ ಆಯಿತು. ಎಲ್ಲವನ್ನೂ ಇಂಟರ್ನಲ್ ಯೂಸರ್ ಅಂತಲೇ ಮಾಡಿಟ್ಟಿದ್ದಾರೆ.

ಸರ್ವರ್_ಉಡುಪಿ:
ಸೂಪರ್‌ವೈಸರ್‌ಗಳಿಗೆಲ್ಲ ಒಂದೇ ಲಾಗಿನ್ ಕೊಡಿ, ಅಲ್ಲೇ ಆರೇಳು ಉಳಿಯುತ್ತದೆ.

ಕುಡ್ಲ_ನೆಟ್:
ಬೇಡವೇ ಬೇಡ. ನಾಳೆ ಒಂದು ಲಾಟಿನ ತೂಕ ಯಾರೋ ತಿದ್ದಿದರೆ ಯಾರನ್ನು ಕೇಳುವುದು? ಒಂದೇ ಅಕೌಂಟಿನ ಹಿಂದೆ ಹತ್ತು ಜನ ಇದ್ದರೆ ಹತ್ತು ಕ್ಯಾಲ್ ಬೇಕು ಅಂತ ಮೇಲೆ ನೀವೇ ಬರೆದಿದ್ದೀರಿ.

ಸರ್ವರ್_ಉಡುಪಿ:
ಅದು ಮೈಕ್ರೋಸಾಫ್ಟ್ ನಿಯಮ, ಇದು ಓಡೂ.

ಕುಡ್ಲ_ನೆಟ್:
ನಿಯಮದ ಮಾತಲ್ಲ ಸರ್. ತಪ್ಪು ಮಾಡದ ಸೂಪರ್‌ವೈಸರ್ ಮೇಲೂ ಅನುಮಾನ ಬರುತ್ತದೆ. ಅದು ಅನ್ಯಾಯ.

ಮಣಿಪಾಲ್_ಡೆವ್:
ಬ್ಯಾಕಪ್‌ಗೆ ಓಡೂ ಯೂಸರ್ ಬೇಡ. ಸರ್ವರ್ ನಿಮ್ಮದೇ. ಪೋಸ್ಟ್‌ಗ್ರೆಸ್ ಡಂಪ್ (ಓಡೂವಿನ ಡೇಟಾಬೇಸಿನ ಪ್ರತಿ) ತೆಗೆಯಿರಿ, ಜೊತೆಗೆ ಫೈಲ್‌ಸ್ಟೋರ್ ಫೋಲ್ಡರ್ ಕಾಪಿ ಮಾಡಿ. ಫೋಲ್ಡರ್ ಮರೆತರೆ ಅಟ್ಯಾಚ್‌ಮೆಂಟ್ ಎಲ್ಲ ಹೋಗುತ್ತದೆ. ಬಿಲ್ ಮೇಲ್‌ಗೂ ಯೂಸರ್ ಬೇಡ, ಪರ್ಚೇಸ್ ಜರ್ನಲ್‌ಗೆ (ಖರೀದಿ ಬಿಲ್ ದಾಖಲಾಗುವ ಕಡೆ) ಇಮೇಲ್ ಏಲಿಯಾಸ್, ಅಂದರೆ ಅದರದ್ದೇ ಮೇಲ್ ವಿಳಾಸ, ಕೊಟ್ಟರೆ ಸಾಕು. ವೇಬ್ರಿಡ್ಜ್ ಮತ್ತು ರಿಪೋರ್ಟಿಗೆ ಒಂದೇ ಯೂಸರ್ ಇಟ್ಟು ಎರಡು ಬೇರೆ ಎಪಿಐ ಕೀ (ಪ್ರೋಗ್ರಾಮ್ ಒಳಗೆ ಬರಲು ಬಳಸುವ ಪಾಸ್‌ವರ್ಡಿನಂಥದ್ದು) ಮಾಡಿ. ಓಡೂ 14ರಿಂದ ಆ ಸೌಲಭ್ಯ ಉಂಟು. ಕನ್ಸಲ್ಟೆಂಟ್ ಅಕೌಂಟನ್ನು ಆರ್ಕೈವ್ ಮಾಡಿ. ಅದಕ್ಕೆ ಮೊದಲು ಶೆಡ್ಯೂಲ್ಡ್ ಆ್ಯಕ್ಷನ್ (ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸ) ಪಟ್ಟಿಯಲ್ಲಿ ಯಾವುದಾದರೂ ಅವರ ಹೆಸರಿನಲ್ಲಿ ಓಡುತ್ತಿದೆಯಾ ನೋಡಿ. ಇದ್ದರೆ ಓಡೂವಿನದ್ದೇ ಸಿಸ್ಟಮ್ ಅಕೌಂಟ್ ಆದ ಓಡೂಬಾಟ್‌ಗೆ ಬದಲಿಸಿ, ಅದಕ್ಕೆ ಲೈಸೆನ್ಸ್ ಇಲ್ಲ.

ಕುಡ್ಲ_ನೆಟ್:
ಒಂದೇ ಯೂಸರ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಕೀ ಎರಡು ಇದ್ದರೂ ಹಕ್ಕು ಒಂದೇ. ವೇಬ್ರಿಡ್ಜ್ ಪಿಸಿಯಿಂದ ಕೀ ಸೋರಿದರೆ ಇಡೀ ಸ್ಟಾಕ್ ಓದಬಹುದು.

ಮಣಿಪಾಲ್_ಡೆವ್:
ಅದು ನಿಜ. ಲೈಸೆನ್ಸ್ ಮಿಕ್ಕಿದರೆ ಬೇರೆ ಬೇರೆಯೇ ಇಡಿ.

ಗೇರುಬೀಜ_ಐಟಿ:
ಮಾಡಿದೆ. ಬ್ಯಾಕಪ್, ಮೇಲ್, ಕನ್ಸಲ್ಟೆಂಟ್ ಮೂರೂ ಆರ್ಕೈವ್ ಆಯಿತು. ಮನುಷ್ಯರು 23, ವೇಬ್ರಿಡ್ಜ್ ಒಂದು, ರಿಪೋರ್ಟ್ ಒಂದು. ಸರಿಯಾಗಿ 25, ಹಾಗಾಗಿ ಎರಡನ್ನೂ ಬೇರೆಯೇ ಇಟ್ಟೆ. ಡಂಪನ್ನು ಇನ್ನೊಂದು ಮೆಷಿನ್‌ನಲ್ಲಿ ರಿಸ್ಟೋರ್ ಮಾಡಿ ನೋಡಿದೆ, ಬಿಲ್ ಪಿಡಿಎಫ್ ಎಲ್ಲ ತೆರೆಯುತ್ತದೆ. ಆದರೆ ಮೆಸೇಜ್ ಇನ್ನೂ ಹೋಗಿಲ್ಲ.

ಮಣಿಪಾಲ್_ಡೆವ್:
ಓಡೂ ಕಂಪನಿಯವರ ಕಡೆ ಯೂಸರ್ ಲೆಕ್ಕದ ಮುಂದಿನ ಪರಿಶೀಲನೆ ಆದ ಮೇಲೆ ತಾನಾಗಿ ಹೋಗುತ್ತದೆ. ಕೆಲವು ದಿನ ಹಿಡಿಯಬಹುದು. ಸರ್ವರಿನಿಂದ ಹೊರಗೆ ಇಂಟರ್ನೆಟ್ ಇರಲಿ, ಫೈರ್‌ವಾಲ್ ತಡೆದರೆ ಹೊಸ ಲೆಕ್ಕ ಅವರಿಗೆ ಮುಟ್ಟುವುದಿಲ್ಲ.

ಹೋಮ್‌ಲ್ಯಾಬ್_ಕಾಪು:
ಅರ್ಥಿಂಗ್ ಫೋಟೋಗೆ ಬೇರೆ ಥ್ರೆಡ್ ತೆರೆದಿದ್ದೇನೆ, ಬನ್ನಿ.

ಗೇರುಬೀಜ_ಐಟಿ:
ಹೋಯಿತು ಮಾರಾಯ್ರೇ, ಇವತ್ತು ಬೆಳಿಗ್ಗೆ ನೋಡಿದರೆ ಮೆಸೇಜ್ ಇಲ್ಲ. ಮಣಿಪಾಲದವರಿಗೂ ಕುಡ್ಲದವರಿಗೂ ತುಂಬಾ ಉಪಕಾರ ಆಯಿತು.