ಡೇಟಾ 'ಸಂರಕ್ಷಣೆ'ಯೋ 'ಜತನ'ವೋ?

ಎಲ್ಲರಿಗೂ ನಮಸ್ಕಾರ.

ಪುಣೆಯ ಕೋಥ್ರೂಡಿನಲ್ಲಿ ನಾವು ಒಂದಷ್ಟು ಕನ್ನಡಿಗರು ತಿಂಗಳಿಗೊಮ್ಮೆ ಸೇರುತ್ತೇವೆ. ಮುಂದಿನ ಸಲ ಮಾತಾಡುವ ಸರದಿ ನನ್ನದು. ರಾಶಿಗಟ್ಟಲೆ ಡೇಟಾವನ್ನು ಬಹುಕಾಲ ಉಳಿಸುವ ವ್ಯವಸ್ಥೆ ಕಟ್ಟುವುದು ನನ್ನ ಕೆಲಸ. ಅದನ್ನೇ ಹೇಳೋಣ ಅಂತ ಕೂತರೆ ತಲೆಬರಹದಲ್ಲೇ ಸಿಕ್ಕಿಬಿದ್ದೆ. 'ಡಿಜಿಟಲ್ ಪ್ರಿಸರ್ವೇಶನ್'ಗೆ ಕನ್ನಡದಲ್ಲಿ ಏನನ್ನೋಣ?

ಮೊದಲು ಕೈಗೆ ಸಿಗುವುದು 'ಸಂರಕ್ಷಣೆ'. ಆದರೆ 'ಡೇಟಾ ಸಂರಕ್ಷಣೆ' ಅಂದ ಕೂಡಲೇ ಜನಕ್ಕೆ 2023ರ ವೈಯಕ್ತಿಕ ಡೇಟಾ ಕಾಯ್ದೆ ನೆನಪಾಗುತ್ತದೆ. ನಮ್ಮ ಮಾಹಿತಿ ಕಂಡವರ ಕೈಗೆ ಸಿಗಬಾರದು ಅನ್ನೋ ಅರ್ಥ ಅದು. ನನಗೆ ಬೇಕಾದದ್ದು ಹೆಚ್ಚುಕಡಿಮೆ ಉಲ್ಟಾ: 30 ವರ್ಷ ಬಿಟ್ಟು ಬಂದವರ ಕೈಗೂ ಸಿಗಬೇಕು. 'ಸಂಗ್ರಹ' ಅಂದರೆ ಬರೀ ತುಂಬಿಡೋದು, ಅದು ಸಾಲದು.

ಯಾಕೆ ಸಾಲದು ಅನ್ನೋದಕ್ಕೆ ನಮ್ಮ ಮನೆಯಲ್ಲೇ ಸಾಕ್ಷಿ ಇದೆ. ಅಪ್ಪನ ನೆನಪುಗಳನ್ನು 2001ರಲ್ಲಿ ಆಗಿನ ಒಂದು ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದೆ. ಫೈಲು ಹಾಗೇ ಇದೆ, ಒಂದು ಬಿಟ್ ಕೂಡ ಕೆಟ್ಟಿಲ್ಲ. ತೆರೆದರೆ 'ಕನ್ನಡ' ಅನ್ನೋ ಪದದ ನಡುವೆ ಪೌಂಡಿನ ಗುರುತು ಕೂತಿದೆ! ಫಾಂಟ್ ಹೋಯಿತು, ಜೊತೆಗೆ ಓದೂ ಹೋಯಿತು. ಕೊನೆಗೆ ಯೂನಿಕೋಡಿಗೆ ತಂದೆ, ಒತ್ತಕ್ಷರ ತಿದ್ದುವುದರಲ್ಲೇ ಎರಡು ಭಾನುವಾರ ಕಳೆಯಿತು. ದೊಡ್ಡ ಕಡೆಯೂ ಇದೇ ಪಾಡು. ರಾಶಿ ಡೇಟಾ ತುಂಬಿಡುವ ಎಲ್‌ಟಿಒ ಅನ್ನೋ ಮ್ಯಾಗ್ನೆಟಿಕ್ ಟೇಪನ್ನೇ ನೋಡಿ: ಅದರ 8ನೇ ಪೀಳಿಗೆಯ ಡ್ರೈವ್ 7ನೆಯದರ ಟೇಪ್ ಓದುತ್ತದೆ, 6ನೆಯದನ್ನು ಓದುವುದಿಲ್ಲ. ಟೇಪ್ ಚೆನ್ನಾಗಿದ್ದರೂ ಹೊಸದಕ್ಕೆ ಸಾಗಿಸುತ್ತಲೇ ಇರಬೇಕು.

ಡೇಟಾ ಬಹುಕಾಲ ಉಳಿಸುವ ವ್ಯವಸ್ಥೆ ಹೇಗಿರಬೇಕು ಅನ್ನೋದಕ್ಕೆ ನಮ್ಮ ಕ್ಷೇತ್ರದ ಮೂಲ ಮಾದರಿ ಓಎಐಎಸ್, ಅಂದರೆ ಐಎಸ್‌ಒ 14721 ಅನ್ನೋ ಅಂತರರಾಷ್ಟ್ರೀಯ ಮಾನದಂಡ. ಬಾಹ್ಯಾಕಾಶ ಸಂಸ್ಥೆಗಳ ಒಕ್ಕೂಟದಿಂದ ಬಂದದ್ದು. ಅದರಲ್ಲಿ 'ದೀರ್ಘಕಾಲ'ಕ್ಕೆ ಇಷ್ಟು ವರ್ಷ ಅಂತ ಲೆಕ್ಕ ಕೊಟ್ಟಿಲ್ಲ. ಯಂತ್ರ, ಫೈಲಿನ ರೂಪ, ಓದುವ ಜನ ಬದಲಾಗುವ ಚಿಂತೆ ಹತ್ತುವಷ್ಟು ಕಾಲ ಅನ್ನುತ್ತದೆ. ನಿಘಂಟಿನವರು ನೋಡಬೇಕಾದ ಅರ್ಥ ಇದು, ಅಲ್ವಾ?

ಹೀಗಿರುವಾಗ ಕೆಳಗಿನ ಮನೆಯ ಮರಾಠಿ ಅಜ್ಜಿ ಹಳೆ ಫೋಟೋ ತೋರಿಸುತ್ತಾ 'ಜತನ್' ಮಾಡಿಟ್ಟಿದ್ದೇನೆ ಅಂದರು. ಓಹೋ, ಮರಾಠಿಯಲ್ಲಿ ಪದ ಇದೆ, ನಮ್ಮಲ್ಲಿಲ್ಲ ಅಂದುಕೊಂಡೆ. ಧಾರವಾಡದ ಹೆಂಡತಿ ನಕ್ಕಳು. "ನಮ್ಮವ್ವ ದಿನಾ ಅಂತಿದ್ಲಲ್ಲ, ಜತನ ಮಾಡಿ ಇಡು ಅಂತ!" ನಾನು ತುಮಕೂರಿನವನು, ಶಾಲೆಯ ತತ್ಸಮ-ತದ್ಭವ ಪಟ್ಟಿಯಲ್ಲಿ 'ಯತ್ನ, ಜತನ' ಅಂತ ಉರು ಹೊಡೆದಿದ್ದೆ, ಅಷ್ಟೇ. ನಮ್ಮ ಕಡೆ ಹೇಳೋದು 'ಜೋಪಾನ'. ಅದರಲ್ಲಿ ಬಿದ್ದೀಯ ಅನ್ನೋ ಎಚ್ಚರಿಕೆ ಜಾಸ್ತಿ. 'ಜತನ'ದಲ್ಲಿ ಯತ್ನ ಅಡಗಿದೆ, ಕೆಲಸ ನಿಂತ ದಿನ ಉಳಿಕೆಯೂ ನಿಂತಿತು. ನನಗೆ ಬೇಕಾದ ಅರ್ಥ ಇದೇ.

ಇನ್ನೊಂದು ಪದ, 'ಪ್ರತಿ'. ಎಲ್ಲರೂ 'ಬ್ಯಾಕಪ್' ಅಂತಾರೆ. ಬ್ಯಾಕಪ್ ಅಂದರೆ ನಿನ್ನೆಯದನ್ನು ಇವತ್ತು ವಾಪಸು ಪಡೆಯಲು. ಬೇರೆ ಬೇರೆ ಊರಲ್ಲಿ ಇಡುವ ಸರಿಸಮ ನಕಲುಗಳಿಗೆ 'ಪ್ರತಿ'ಯೇ ಸರಿ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿ ಮಾಡಿಸಿ ಹಂಚಿದಳು ಅಂತ ಓದಿದ್ದೇವಲ್ಲ. ಗ್ರಂಥಾಲಯಗಳ ಡಿಜಿಟಲ್ ಸರಕನ್ನು ಉಳಿಸಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಲಾಕ್ಸ್ ಯೋಜನೆಯ ಹೆಸರಿನ ಅರ್ಥವೂ 'ಪ್ರತಿ ಹೆಚ್ಚಿದ್ದರೆ ಸರಕು ಭದ್ರ' ಅಂತಲೇ.

ಆ ಪ್ರತಿಗಳು ಬದಲಾಗಿಲ್ಲ ಅಂತ ಖಾತ್ರಿ ಮಾಡುವ 'ಚೆಕ್‌ಸಮ್'ಗೆ 'ತಾಳೆಯಂಕಿ' ಅಂತ ಬರೆದುಕೊಂಡಿದ್ದೇನೆ. ತಾಳೆ ನೋಡುವ ಅಂಕಿ. ಓಲೆಗರಿಯ ಮರವೂ ತಾಳೆಯೇ ಅನ್ನೋದು ಸುಮ್ನೆ ಸಿಕ್ಕ ಖುಷಿ.

ಈಗ ಕೇಳಬೇಕಾದದ್ದು: ಮೈಸೂರು, ಕರಾವಳಿ ಕಡೆಯವರಿಗೆ 'ಡಿಜಿಟಲ್ ಜತನ' ಅಂದರೆ ತಿಳಿಯುತ್ತದೆಯೇ? ಮನೆಮಾತಿನಲ್ಲಿ 'ಜತನ' ಇದ್ದರೆ ಯಾವ ವಸ್ತುವಿಗೆ ಬಳಸುತ್ತೀರಿ? ಹಾಗೇ ಫೈಲನ್ನು ಹಳೆ ರೂಪದಿಂದ ಹೊಸದಕ್ಕೆ ತರುವುದಕ್ಕೆ 'ವಲಸೆ' ಬಿಟ್ಟು ಬೇರೆ ಏನಾದರೂ ಹೇಳಿ. ವಲಸೆ ಬಂದವರು ನಾವು, ಫೈಲುಗಳಲ್ಲ.