ಪದಚರ್ಚೆ: ಪೋಕರಿನ ‘ಈಕ್ವಿಟಿ’, ‘ರೇಂಜ್’ – ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಮಡಿಕೇರಿಯ ಕಾಲೇಜೊಂದರ ಗಣಿತ ಪ್ರದರ್ಶನಕ್ಕಾಗಿ ಸಂಭವನೀಯತೆಯ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಹಣ ಕಟ್ಟಿ ಆಡುವ ಇಸ್ಪೀಟಾಟವಾದ ಪೋಕರಿನ ‘ಹೋಲ್ಡೆಮ್’ ಎಂಬ ಬಗೆಯಲ್ಲಿ ಎದುರಾಳಿಯ ಎರಡು ಎಲೆಗಳು (ಅವನ ‘ಕೈ’) ನಮಗೆ ಕಾಣುವುದಿಲ್ಲ. ಅವನು ಹಣ ಏರಿಸಿದ ರೀತಿಯಿಂದ ಅವನಲ್ಲಿ ಯಾವ ಯಾವ ಎಲೆಗಳಿರಬಹುದೆಂದು ಊಹಿಸಿ, ಅವೆಲ್ಲಕ್ಕೂ ಎದುರಾಗಿ ನಮ್ಮ ಕೈಯ ಬಲವನ್ನು ಲೆಕ್ಕ ಹಾಕುವುದೇ ಫಲಕದ ವಿಷಯ. ಹೀಗೆ ಊಹಿಸಿದ ಕೈಗಳ ಪಟ್ಟಿಯಾದ ‘ರೇಂಜ್’ಗೆ ವ್ಯಾಪ್ತಿ ಎಂದೂ ‘ಈಕ್ವಿಟಿ’ಗೆ ಗೆಲುವಿನ ಸಂಭವನೀಯತೆ ಎಂದೂ ಬರೆದಿದ್ದೇನೆ. ತಮ್ಮ ಅಭಿಪ್ರಾಯ ಬೇಕು.

ಉತ್ತರ

ಎರಡೂ ಸಲ್ಲವು.

ಈಕ್ವಿಟಿ ಎಂದರೆ ಗೆಲ್ಲುವ ಸಂಭವವಲ್ಲ. ಪಣದ ಮೊತ್ತದಲ್ಲಿ ನಮಗೆ ಸರಾಸರಿಯಾಗಿ ಸಲ್ಲುವ ಪಾಲು. ಇಬ್ಬರ ಕೈಯೂ ಸಮವಾಗಿ ಹಣ ಅರ್ಧರ್ಧ ಹಂಚಿಹೋಗುವ ಸಂದರ್ಭಗಳೂ ಅದರೊಳಗೆ ಸೇರುವುದರಿಂದ, ಗೆಲುವು ಎಂಬ ಪದವನ್ನು ಹಾಕಿದೊಡನೆ ಲೆಕ್ಕವೇ ತಪ್ಪುತ್ತದೆ. ‘ಪಾಲು’ ಎನ್ನಿ. ಕಾಫಿ ತೋಟದ ಭಾಗಪತ್ರದಲ್ಲಿ ಬರೆಯುವ ಪದವೇ ಇಲ್ಲಿಯೂ ಸಾಕು. ಹಳಗನ್ನಡದ ‘ಪಾಲ್’ ಹಾಲಿನ ಅರ್ಥದಲ್ಲಿ ಹೊಸಗನ್ನಡಕ್ಕೆ ಬರುವಾಗ ಪಕಾರವನ್ನು ಬಿಟ್ಟು ‘ಹಾಲು’ ಆಯಿತು, ಭಾಗದ ಅರ್ಥದಲ್ಲಿ ಮಾತ್ರ ಪಕಾರವನ್ನು ಬಿಡಲಿಲ್ಲ; ಕೊಡವ ತಕ್ಕಿನಲ್ಲಿ ಹಾಲು ಇಂದಿಗೂ ‘ಪಾಲ್’ ಆಗಿಯೇ ಉಳಿದಿದೆ. ಇಷ್ಟು ಗಟ್ಟಿಯಾಗಿ ನಿಂತ ಪದವನ್ನು ಬಿಟ್ಟು ಆರಕ್ಷರದ ಸಂಸ್ಕೃತ ಪದವನ್ನು ಏಕೆ ಹುಡುಕಬೇಕು?

‘ವ್ಯಾಪ್ತಿ’ಯ ದೋಷ ಬೇರೆ. ವ್ಯಾಪ್ತಿ ಎಂದರೆ ಇಲ್ಲಿಂದ ಅಲ್ಲಿಯವರೆಗೆ ಬಿಡುವಿಲ್ಲದೆ ಹಬ್ಬಿದ್ದು ಎಂದು ಓದುಗರು ತಿಳಿಯುತ್ತಾರೆ. ಎದುರಾಳಿಯ ಕೈಗಳ ಪಟ್ಟಿ ಹಾಗಿರಬೇಕೆಂದಿಲ್ಲ. ಎಕ್ಕದ ಜೋಡಿಯೊಂದಿಗೆ ಒಂದೇ ಜಾತಿಯ ಏಳು-ಆರು ಕೂಡ ಅದರಲ್ಲಿದ್ದು, ನಡುವಿನ ಎಷ್ಟೋ ಕೈಗಳು ಇಲ್ಲದಿರಬಹುದು. ಜೊತೆಗೆ ಪ್ರತಿ ಕೈಗೂ, ಅದು ಎಷ್ಟು ಬಗೆಯಲ್ಲಿ ಬರಬಹುದೋ ಅದಕ್ಕೆ ತಕ್ಕ ತೂಕವಿದೆ. ತಮ್ಮ ಕೈಯಲ್ಲಿ ರಾಣಿಯ ಜೋಡಿ ಇದೆ, ಎದುರಾಳಿಯಲ್ಲಿ ಎಕ್ಕದ ಜೋಡಿ, ರಾಜನ ಜೋಡಿ ಅಥವಾ ಎಕ್ಕ-ರಾಜ ಮಾತ್ರ ಇರಬಹುದು ಎಂದುಕೊಳ್ಳಿ. ಎಕ್ಕದ ಜೋಡಿ 6 ಬಗೆಯಲ್ಲಿ, ರಾಜನ ಜೋಡಿ 6 ಬಗೆಯಲ್ಲಿ, ಎಕ್ಕ-ರಾಜ 16 ಬಗೆಯಲ್ಲಿ ಬರಬಹುದಾದ್ದರಿಂದ ಒಟ್ಟು 28 ಕೈಗಳಾಗುತ್ತವೆ. ದೊಡ್ಡ ಜೋಡಿಗಳೆದುರು ರಾಣಿಯ ಪಾಲು ನೂರಕ್ಕೆ ಹತ್ತೊಂಬತ್ತನ್ನೂ ಮುಟ್ಟದು, ಎಕ್ಕ-ರಾಜದ ಎದುರು ಐವತ್ತನ್ನು ಮೀರುತ್ತದೆ. ಬಗೆಗಳ ಸಂಖ್ಯೆಯಿಂದ ತೂಗಿದರೆ ಸರಾಸರಿ ಸುಮಾರು 40. ಗುಲಾಮ ಮತ್ತು ಹತ್ತರ ಜೋಡಿಗಳನ್ನೂ ಸೇರಿಸಿದರೆ ಕೈಗಳು 40 ಆಗಿ, ಪಾಲು 52ರ ಸುಮಾರಿಗೆ ಏರುತ್ತದೆ. ತಮ್ಮ ಎಲೆಗಳು ಬದಲಾಗಲಿಲ್ಲ, ಊಹೆಯಷ್ಟೇ ಬದಲಾಯಿತು. ಫಲಕದಲ್ಲಿ ಕಾಣಬೇಕಾದದ್ದು ಇದೇ. ಆದ್ದರಿಂದ ‘ಕೈಗಳ ಹರವು’ ಎಂಬುದು ನನ್ನ ಸೂಚನೆ. ‘ಪರಪು’ ಎಂಬ ಹಳೆಯ ಧಾತುವಿನಿಂದ ಬಂದ ಈ ಪದಕ್ಕೆ ಕಣದಲ್ಲಿ ಕಾಫಿ ಹರವಿದಂತೆ ಒಂದೆಡೆ ದಟ್ಟವಾಗಿ, ಇನ್ನೊಂದೆಡೆ ತೆಳ್ಳಗೆ ಇರುವುದು ಒಗ್ಗುತ್ತದೆ.

ಮತ್ತೊಂದು ಉತ್ತರ

‘ಪಾಲು’ ಒಪ್ಪಿತು. ‘ಹರವು’ ಒಪ್ಪಿಗೆಯಿಲ್ಲ, ಅದನ್ನು ಓದಿದ ವಿದ್ಯಾರ್ಥಿಗೆ ನದಿಯ ಅಗಲವೇ ನೆನಪಾಗುತ್ತದೆ. ಆಡುವವರೆಲ್ಲರೂ ‘ರೇಂಜ್’ ಎಂದೇ ಹೇಳುತ್ತಿರುವಾಗ ಅದನ್ನೇ ಕನ್ನಡ ಅಕ್ಷರದಲ್ಲಿ ಬರೆಯುವುದು ಪ್ರಾಮಾಣಿಕ ಮಾರ್ಗ. ‘ಇಸ್ಪೀಟು’, ‘ತುರುಪು’, ‘ಗುಲಾಮ’ ಎಲ್ಲವೂ ಹೊರಗಿನಿಂದ ಬಂದವು. ಫಲಕಕ್ಕೆ ಬೇಕಾಗುವ ‘ಅಂದಾಜು’ ಕೂಡ ಪಾರಸಿ ಮೂಲದ್ದು. ಅವುಗಳನ್ನು ಕೇಳದೆ ಒಳಗೆ ಬಿಟ್ಟುಕೊಂಡವರು ಒಂದು ‘ರೇಂಜ್’ನ ಮುಂದೆ ಬಾಗಿಲು ಹಾಕುವುದು ನ್ಯಾಯವಲ್ಲ.

ಮೊದಲ ಉತ್ತರದವರು

ಬಾಗಿಲು ಹಾಕುವ ಮಾತು ನನ್ನದಲ್ಲ. ‘ಅಂದಾಜು’ ಇರಲಿ, ಅದು ಬಂದು ಶತಮಾನಗಳಾದವು ಮತ್ತು ಎಲ್ಲರಿಗೂ ತಿಳಿಯುತ್ತದೆ. ‘ರೇಂಜ್’ ಎಂದರೆ ಕೊಡಗಿನ ಓದುಗರಿಗೆ ಮೊದಲು ತೋಚುವುದು ಅರಣ್ಯ ಇಲಾಖೆಯ ವಲಯ, ಅನಂತರ ಮೊಬೈಲ್ ಸಿಗ್ನಲ್. ಪೋಕರ್ ಆಡುವವರಿಗೆ ಈ ಫಲಕವೇ ಬೇಡ. ಆಡದ ವಿದ್ಯಾರ್ಥಿಗಾಗಿ ಅದನ್ನು ಬರೆಯಲಾಗುತ್ತಿದೆ. ತಲೆಬರಹದಲ್ಲಿ ‘ಎದುರಾಳಿಯ ಕೈಗಳ ಹರವಿನೆದುರು ನಮ್ಮ ಪಾಲಿನ ಅಂದಾಜು’ ಎಂದು ಹಾಕಿ, ಮೊದಲ ಸಾಲಿನಲ್ಲಿಯೇ ‘ಹರವು ಎಂದರೆ ಎದುರಾಳಿಯಲ್ಲಿ ಇರಬಹುದಾದ ಎಲ್ಲ ಕೈಗಳು, ಅವುಗಳ ತೂಕದ ಸಮೇತ’ ಎಂದು ವಿವರಿಸಿಬಿಡಿ. 28 ಕೈಗಳ ಲೆಕ್ಕವನ್ನು ಅದರ ಕೆಳಗೆ ಕೋಷ್ಟಕವಾಗಿ ಕೊಡಿ.