ಇಂಗ್ಲಿಷಿನಲ್ಲಿ ‘ಒಲ್ಲೆ’ ಎನ್ನುವುದು ಹೇಗೆ? ಮೊಬೈಲ್ ಗುಂಪೊಂದರಲ್ಲಿ ಬಳ್ಳಾರಿಯ ಇಂಗ್ಲಿಷ್ ಉಪನ್ಯಾಸಕಿಯೊಂದಿಗೆ ಸದಸ್ಯರ ಪ್ರಶ್ನೋತ್ತರ

ಸಿರುಗುಪ್ಪದ ಸದಸ್ಯ: ಮೇಡಂ, ಕಚೇರಿಯಲ್ಲಿ ಚಹಾ ತಂದಾಗ ಬೇಡ ಎಂಬರ್ಥದಲ್ಲಿ ‘ಥ್ಯಾಂಕ್ ಯೂ’ ಎನ್ನುತ್ತೇನೆ. ಕಪ್ ಇಟ್ಟೇ ಹೋಗುತ್ತಾರೆ.

ಮೇಡಂ: ‘ನೋ, ಥ್ಯಾಂಕ್ ಯೂ’ ಎನ್ನಿ. ‘ನೋ’ ಬಿಟ್ಟರೆ ಕೊಡಿ ಎಂದೇ ತಿಳಿಯುತ್ತಾರೆ.

ಕಂಪ್ಲಿಯ ಸದಸ್ಯೆ: ಬೆಂಗಳೂರಿನ ಕಂಪನಿಯೊಂದು ಕೆಲಸ ಕೊಟ್ಟಿದೆ. ಅಮ್ಮನನ್ನು ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಬಳ್ಳಾರಿಗೆ ಕರೆದೊಯ್ಯಬೇಕು, ಹೋಗಲಾಗದು. ನೇರವಾಗಿ ಹೇಳಲು ಸಂಕೋಚಪಟ್ಟು ‘ಐ ವಿಲ್ ಟ್ರೈ’ ಎಂದು ಬರೆದೆ. ಸೋಮವಾರ ಬರುತ್ತೀರಲ್ಲವೇ ಎಂದು ದಿನವೂ ಕೇಳುತ್ತಿದ್ದಾರೆ.

ಮೇಡಂ: ತಂಗಿ, ಇದು ಆತಂಕದ ವಿಷಯ. ನಮ್ಮಲ್ಲಿ ‘ನೋಡೋಣ’ ಎಂದರೆ ಕೇಳಿದವರಿಗೆ ಅರ್ಥವಾಗುತ್ತದೆ, ಮತ್ತೆ ಕೇಳುವುದಿಲ್ಲ. ಇಂಗ್ಲಿಷ್ ಪತ್ರದಲ್ಲಿ ‘ಟ್ರೈ’ ಎಂದರೆ ಬರುವ ಮನಸ್ಸಿದೆ ಎಂದು ಓದಿಕೊಳ್ಳುತ್ತಾರೆ. ನಿಮ್ಮ ಜಾಗವನ್ನು ಬೇರೆಯವರಿಗೆ ಕೊಡದೆ ಕಾಯುತ್ತಿದ್ದಾರೆ. ಇವತ್ತೇ ಬರೆಯಿರಿ: ‘ಥ್ಯಾಂಕ್ ಯೂ ಫಾರ್ ದಿ ಆಫರ್. ಐ ಆ್ಯಮ್ ಸಾರಿ, ಬಟ್ ಐ ಆ್ಯಮ್ ಅನೇಬಲ್ ಟು ಅಕ್ಸೆಪ್ಟ್ ಇಟ್.’ ಕಾರಣಕ್ಕೆ ‘ಫ್ಯಾಮಿಲಿ ರೀಸನ್ಸ್’ ಸಾಕು, ಅಮ್ಮನ ಕಾಯಿಲೆಯನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಮೊದಲಿನ ಉತ್ತರದಿಂದಾದ ಗೊಂದಲಕ್ಕೆ ಒಂದು ಸಾಲಿನ ಕ್ಷಮೆ ಇರಲಿ. ಅಂದ ಹಾಗೆ, ಆಫರ್ ಪತ್ರಕ್ಕೆ ಸಹಿ ಮಾಡಿದ್ದೀರಾ?

ಲಿಂಗಸುಗೂರಿನ ಸದಸ್ಯ: ಎಲ್ಲ ಗುಂಪುಗಳಲ್ಲೂ ಬಂದಿದೆ, ಇದನ್ನೇ ಕಳುಹಿಸಿ: ‘ಐ ಡಿನೈ ಯುವರ್ ಆಫರ್.’

ಮೇಡಂ: ದಯವಿಟ್ಟು ಬೇಡ. ಕನ್ನಡದಲ್ಲಿ ಆರೋಪವನ್ನೂ ನಿರಾಕರಿಸುತ್ತೇವೆ, ಆಹ್ವಾನವನ್ನೂ ನಿರಾಕರಿಸುತ್ತೇವೆ. ಇಂಗ್ಲಿಷಿನಲ್ಲಿ ಆರೋಪಕ್ಕೆ ‘ಡಿನೈ’, ಆಹ್ವಾನಕ್ಕೆ ‘ಡಿಕ್ಲೈನ್’. ಈ ಫಾರ್ವರ್ಡನ್ನು ಈ ವಾರದಲ್ಲೇ ಮೂರನೇ ಸಲ ತಿದ್ದುತ್ತಿದ್ದೇನೆ. ಓದದೆ ಹಂಚಬೇಡಿ.

ಕುಷ್ಟಗಿಯ ಸದಸ್ಯ: ಉತ್ತರವನ್ನೇ ಕೊಡಬೇಡಿ. ತಾವಾಗಿಯೇ ಸುಮ್ಮನಾಗುತ್ತಾರೆ.

ಮಾನ್ವಿಯ ಸದಸ್ಯ: ಅಣ್ಣಾ, ನಮ್ಮ ಕಾಲೇಜಿನಲ್ಲಿ ಕೆಲಸ ಸಿಕ್ಕ ಇಬ್ಬರು ಹಾಗೆ ಉತ್ತರ ಕೊಡದೆ ಸುಮ್ಮನಾದ ಮೇಲೆ ಕೆಲಸ ಕೊಟ್ಟ ಕಂಪನಿ ಮತ್ತೆ ಬರಲೇ ಇಲ್ಲ.

ಕುಷ್ಟಗಿಯ ಸದಸ್ಯ: ಕಂಪನಿಗಳು ನಮಗೆ ಉತ್ತರ ಕೊಡುತ್ತವೆಯೇ? ಸಂದರ್ಶನ ಮುಗಿಸಿ ಆರು ತಿಂಗಳು ಕಾದಿದ್ದೇನೆ.

ಮಾನ್ವಿಯ ಸದಸ್ಯ: ನಿಮ್ಮ ಸಿಟ್ಟಿನ ದಂಡವನ್ನು ಈ ಹುಡುಗಿ ಏಕೆ ತೆರಬೇಕು?

ಕುಷ್ಟಗಿಯ ಸದಸ್ಯ: ನನಗೆ ಬುದ್ಧಿ ಹೇಳಲು ನೀವು ಯಾರು?

ಮೇಡಂ: ಇಬ್ಬರೂ ನಿಲ್ಲಿಸಿ.

ಕಂಪ್ಲಿಯ ಸದಸ್ಯೆ: ಸಹಿ ಮಾಡಿದ್ದೇನೆ ಮೇಡಂ.

ಮೇಡಂ: ಹಾಗಾದರೆ ಆ ಸಾಲುಗಳನ್ನು ಕಳುಹಿಸಬೇಡಿ. ಮೊದಲು ಷರತ್ತುಗಳನ್ನು ಓದಿ. ಹಣ ಕಟ್ಟುವ ಅಥವಾ ನೋಟಿಸ್ ಅವಧಿಯ ಮಾತಿದ್ದರೆ ವಕೀಲರಿಗೆ ತೋರಿಸಿ. ಇಲ್ಲದಿದ್ದರೆ ಇವತ್ತೇ ಫೋನ್ ಮಾಡಿ ಹೇಳಿ, ಆಮೇಲೆ ಪತ್ರ. ಒಪ್ಪಿಕೊಂಡಾದ ಮೇಲೆ ‘ಡಿಕ್ಲೈನ್’ ಸಲ್ಲದು, ‘ವಿತ್‌ಡ್ರಾ ಮೈ ಅಕ್ಸೆಪ್ಟೆನ್ಸ್’ ಎನ್ನಬೇಕು.

ಸಿಂಧನೂರಿನ ಸದಸ್ಯೆ: ಸಂಬಳ ಕಡಿಮೆಯೆಂದು ಬೇಡವೆನ್ನುವುದು ಹೇಗೆ?

ಸಿರುಗುಪ್ಪದ ಸದಸ್ಯ: ಮೇಡಂ, ಕಾಫಿಗೂ ಹಾಗೆಯೇ ಹೇಳಬೇಕೇ?

ಮೇಡಂ: ಮೇಲೆ ಹೇಳಿದ್ದೇನೆ, ಓದಿ.

ಕಂಪ್ಲಿಯ ಸದಸ್ಯೆ: ಅಂಥ ಷರತ್ತು ಇರಲಿಲ್ಲ. ಫೋನ್ ಮಾಡಿದೆ. ಪತ್ರ ಕಳುಹಿಸಿ, ಸೋಮವಾರದ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಎಂದರು. ‘ವಿತ್‌ಡ್ರಾ’ ಎಂದೇ ಬರೆಯುತ್ತಿದ್ದೇನೆ.

ಸಿಂಧನೂರಿನ ಸದಸ್ಯೆ: ಮೇಡಂ, ನನ್ನ ಪ್ರಶ್ನೆ?